ನೌಕರಿ ತೊರೆದು ಪೋಕರಿಗೆ



ಸಪ್ತವ್ಯಸನಗಳಲ್ಲಿ ದ್ಯೂತವನ್ನೇ ಮೊದಲೆಣಿಸುವ ಮನೆಗಳಲ್ಲಿ ಇಂದು ‘ಪೋಕರ್ ಜೂಜಲ್ಲ, ಚಾತುರ್ಯ’ ಎಂಬ ವಾದ ಕೇಳಿಬರುತ್ತಿದೆ. ಬರಿಯ ಚಾತುರ್ಯದ ಆಟಕ್ಕೆ ಮುಂಬಯಿಯ 1887ರ ಜೂಜು ಕಾಯಿದೆಯೂ ವಿನಾಯಿತಿ ಕೊಟ್ಟಿದೆ, ನಿಜ. 2018ರಲ್ಲಿ ನಿಕಿತಾ ಲೂಥರ್ ಲಾಸ್ ವೇಗಸ್ಸಿನಲ್ಲಿ ವರ್ಲ್ಡ್ ಸೀರೀಸಿನ ಕಡಗ ಗೆದ್ದದ್ದೂ ನಿಜ.

ಆದರೆ ಅಂಧೇರಿಯ ಕಚೇರಿಗೆ ರಾಜೀನಾಮೆ ಕೊಟ್ಟು, ಬೊರಿವಲಿಯ ಮನೆಸಾಲದ ಕಂತನ್ನು ಇಸ್ಪೀಟಿನೆಲೆಗಳ ಮೇಲೆ ಹೊರಿಸುವ ತರುಣನು ತೆರಿಗೆಯ ಲೆಕ್ಕವನ್ನೂ ನೋಡಬೇಕು. ವ್ಯಾಪಾರಿಗೆ ಖರ್ಚು ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ. ಇಸ್ಪೀಟಿನ ಗೆಲುವಿಗೆ ನೇರ ಶೇಕಡಾ 30. ಪ್ರಯಾಣ, ವಸತಿ ಯಾವುದನ್ನೂ ಕಳೆಯುವಂತಿಲ್ಲ. 10 ಲಕ್ಷ ಗೆದ್ದು 8 ಲಕ್ಷ ಖರ್ಚು ಮಾಡಿದವನಿಗೆ 1 ಲಕ್ಷ ಕೈಬಿಟ್ಟುಹೋಗುತ್ತದೆ!

2025ರ ಆಗಸ್ಟಿನಲ್ಲಿ ಸಂಸತ್ತು, ಚಾತುರ್ಯವಿರಲಿ ಅದೃಷ್ಟವಿರಲಿ, ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಅದನ್ನೇ ಜೀವನೋಪಾಯವೆಂದು ನೆಚ್ಚಿದವನಿಗೆ ನೋಟಿಸಿನ ಅವಧಿಯೂ ಇರಲಿಲ್ಲ, ಭವಿಷ್ಯನಿಧಿಯೂ ಇರಲಿಲ್ಲ.