ನಮ್ಮೂರ ರಂಪಣಿ ಬಲೆ
(ಬೆಳ್ಳಿಹಬ್ಬದ ಸಭೆಯಲ್ಲಿ ಹಿರಿಯ ಸದಸ್ಯರ ಪರವಾಗಿ ಆಡಿದ ಮಾತು)



ಸಾಲ, ಠೇವಣಿ, ಲಾಭಾಂಶದ ಲೆಕ್ಕವನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ನಮ್ಮಂಥ ಮುದುಕರಿಗೆ ಕೊಟ್ಟದ್ದು ಹಳೆಯ ನೆನಪಿನ ಬಾಬತ್ತು. ನಮಗೆ ನೆನಪು ಅಂದರೆ ರಂಪಣಿ ಬಲೆಯೇ. ಸಹಕಾರ ಎಂಬ ಮಾತು ನಮ್ಮ ಕಿವಿಗೆ ಬೀಳುವ ಮೊದಲೇ ನಾವು ಪಾಲು ಹಾಕಿ, ಪಾಲು ಹಂಚಿಕೊಂಡು ಬದುಕಿದ್ದು ಆ ಬಲೆಯಿಂದ.

ಈಗಿನ ಹುಡುಗರು ಕೈರಂಪಣಿ ಕಂಡಿದ್ದಾರೆ. ಅದು ಮರಿ. ದೊಡ್ಡ ರಂಪಣಿ ಒಬ್ಬರ ಸೊತ್ತಲ್ಲ. ಒಂದೊಂದು ಮನೆಯವರು ಒಂದಿಷ್ಟು ತುಂಡು ತರಬೇಕು, ಎಲ್ಲವನ್ನೂ ಸೇರಿಸಿ ಹೊಲಿದರೆ ಬಲೆ. ನೈಲಾನ್ ಬರುವ ಮೊದಲು ನೂಲಿನ ಬಲೆ. ಉಪ್ಪುನೀರಿಗೆ ಕೊಳೆಯದಿರಲೆಂದು ಮರದ ತೊಗಟೆ ಬೇಯಿಸಿದ ನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದರು. ಆ ಒಗರು ವಾಸನೆ ನಮ್ಮ ಅಪ್ಪಂದಿರ ಕೈಯಿಂದ ಹೋದದ್ದೇ ಇಲ್ಲ.

ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ದಡದಲ್ಲಿ ಒಬ್ಬ ಕಣ್ಣಿಟ್ಟು ಕೂರುತ್ತಿದ್ದ. ನೀರಿನ ಬಣ್ಣ ತಿರುಗಿ ಹಕ್ಕಿ ಎರಗಿದರೆ, "ಹ್ವಾಯ್, ಮೀನ್ ಬಂತ್, ಬನ್ನಿ ಮರಾಯ್ರೆ!" ಎಂದು ಕೂಗು. ಉಣ್ಣುತ್ತಿದ್ದವರು ಕೈತೊಳೆಯದೆ ಓಡುವುದು. ಹಗ್ಗದ ಒಂದು ತುದಿ ದಡದವರ ಕೈಯಲ್ಲಿ. ದೋಣಿ ಬಲೆ ಬಿಡುತ್ತಾ ಅರ್ಧಚಂದ್ರದ ಹಾಗೆ ಸುತ್ತಿ ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರಬೇಕು. ಆಮೇಲೆ ಎಳೆತ. ಐವತ್ತು ಅರವತ್ತು ಜನ ಸಾಲದೆ ಶಾಲೆಯ ಮಕ್ಕಳೂ ಹಗ್ಗಕ್ಕೆ ಜೋತುಬೀಳುತ್ತಿದ್ದೆವು. (ಮೇಷ್ಟ್ರು ಬೈಯುತ್ತಿರಲಿಲ್ಲ, ಅವರಿಗೂ ಬಂಗುಡೆ ಬೇಕಲ್ಲ!) ಮೀನು ಹೆಚ್ಚಾದರೆ ಬಲೆಯನ್ನು ನೀರಿನಲ್ಲೇ ಕಟ್ಟಿ ನಿಲ್ಲಿಸಿ, ಎರಡು ಮೂರು ದಿನ ಬೇಕಾದಷ್ಟೇ ತೆಗೆಯುತ್ತಿದ್ದರು. ಮಂಜುಗಡ್ಡೆ ಇಲ್ಲದ ಕಾಲಕ್ಕೆ ಕಡಲೇ ಉಗ್ರಾಣ.

ಎಲ್ಲಾ ಚಿನ್ನದ ಕಾಲ ಅಂತ ಹೇಳುವುದಿಲ್ಲ. ಪಾಲಿನ ಜಗಳ ಬೇಕಾದಷ್ಟಿತ್ತು. ಬೈಗೆ ವಿಪರೀತ ಬಂದರೆ ಕೇಳುವವರಿಲ್ಲದೆ ತೆಂಗಿನ ಬುಡಕ್ಕೆ ಹಾಕಿದ್ದೂ ಉಂಟು. ಆದರೆ ನಮ್ಮೂರಲ್ಲಿ ಒಂದು ಕಟ್ಟಳೆ: ಬಲೆಯಲ್ಲಿ ತುಂಡಿದ್ದ ಮನೆಗೆ ಪಾಲು ತಪ್ಪಬಾರದು. ಗಂಡಸು ಜ್ವರದಲ್ಲಿ ಮಲಗಿರಲಿ, ಸತ್ತೇ ಹೋಗಿರಲಿ, ಹೆಂಗಸಿನ ಬುಟ್ಟಿಗೆ ಮೀನು ಬೀಳುತ್ತಿತ್ತು.

1975-76ರ ಹೊತ್ತಿಗೆ ಪರ್ಸೀನ್ ಬಂತು. ಮೀನು ದಡದ ಕಡೆ ತಿರುಗುವ ಮೊದಲೇ ಅತ್ತಲೇ ಸುತ್ತಿಬಿಟ್ಟರು. ಗೋವೆಯ ರಂಪಣಿಗಾರರು ಬೀದಿಗಿಳಿದು ಹೋರಾಡಿದರು. ನಾವು? ಬೈದೆವು, ಆಮೇಲೆ ನಮ್ಮಲ್ಲೇ ಕೆಲವರು ಗುಂಪು ಕಟ್ಟಿ ಪರ್ಸೀನ್ ಬೋಟಿಗೆ ಪಾಲು ಹಾಕಿದೆವು. ಯಾರನ್ನೂ ದೂರುವ ಹಾಗಿಲ್ಲ. ಆ ಬೋಟಿನಲ್ಲಿ ಇಪ್ಪತ್ತೈದು ಮೂವತ್ತು ಜನಕ್ಕೆ ಕೆಲಸ. ಹತ್ತಿದವರಿಗೆ ಪಾಲು, ದಡದಲ್ಲಿ ಉಳಿದವರಿಗೆ ಏನೂ ಇಲ್ಲ.

ಎರಡು ಹಂಗಾಮು ಕಾದೆವು, ಬಲೆ ನೀರಿಗಿಳಿಯಲಿಲ್ಲ. ಕಡೆಗೆ ನಾವೇ ಕುಳಿತು ಹೊಲಿಗೆ ಬಿಚ್ಚಿ, ಬಿಡಿಸಲಾಗದ್ದನ್ನು ಕತ್ತರಿಸಿ ಹಂಚಿಕೊಂಡೆವು. ಕೆಲವು ಬಸಳೆ ಚಪ್ಪರವಾಯಿತು, ಕೆಲವು ಕೋಳಿಗೂಡಿಗೆ ಹೋಯಿತು. ಸಂಜೆ ಒಬ್ಬ ವಿಧವೆ ತಾಯಿ ಬಂದು, "ನಮ್ಮನಿಯವ್ರು ಹೆಣದ್ ತುಂಡ್ ಎಲ್ಲಿತ್?" ಅಂತ ಕೇಳಿದರು. ಯಾವುದು ಯಾರದ್ದೆಂದು ಗುರುತು ಹಿಡಿಯಲು ನಮಗೆ ಆಗಲಿಲ್ಲ. ಒಂದು ತುಂಡು ಕೊಟ್ಟೆವು. ಅವರು ಮುಟ್ಟಿ ನೋಡಿ, "ಇದಲ್ಲ" ಅಂದು ಅಲ್ಲೇ ಬಿಟ್ಟು ಹೋದರು.

ಆ ತುಂಡನ್ನು ಇವತ್ತು ತಂದಿದ್ದೇವೆ, ಇಗೋ ಮೇಜಿನ ಮೇಲಿದೆ. ಸಂಘದ ಕಚೇರಿಯಲ್ಲಿ ಇಡಿ, ಆದರೆ ಗಾಜು ಹಾಕಬೇಡಿ, ಮಕ್ಕಳು ಮುಟ್ಟಲಿ. ಇನ್ನೊಂದು ಬೇಡಿಕೆ. ಸದಸ್ಯ ತೀರಿಕೊಂಡರೆ ಷೇರಿನ ಹಣ ವಾಪಸು ಕೊಟ್ಟು ಹೆಸರು ಹೊಡೆದು ಹಾಕುವುದು ನಮ್ಮ ಸಂಘದ ರೂಢಿ. ಬದಲಿಗೆ ಹೆಂಡತಿಯನ್ನೇ ಸದಸ್ಯೆಯನ್ನಾಗಿ ಮಾಡಿಕೊಳ್ಳೋಣ ಎಂದು ಮುಂದಿನ ಮಹಾಸಭೆಯಲ್ಲಿ ನಾವು ಠರಾವು ತರುತ್ತೇವೆ. ಆಡಳಿತ ಮಂಡಳಿಯವರು ಈಗಲೇ ಯೋಚಿಸಿ ಇಟ್ಟುಕೊಳ್ಳಿ.