ಜೊಂಡಿನ ಶಿಲುಬೆ



ದೇವಾಲಯವೊಂದರ ನೂರು ವರ್ಷಗಳನ್ನು ಕೊಂಡಾಡುವ ಈ ಶುಭವೇಳೆಯಲ್ಲಿ, ದೇವಾಲಯದ ಗೋಡೆಗಳ ಹೊರಗೆ, ಹಳ್ಳಿಯ ಮನೆಗಳಲ್ಲಿ ಉಳಿದುಬಂದ ಭಕ್ತಿಯೊಂದನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ. ಅದು ಐರ್ಲೆಂಡಿನ ಸಂತ ಬ್ರಿಜಿಡರ ಭಕ್ತಿ.

ಸುಮಾರು 1,500 ವರ್ಷಗಳ ಹಿಂದೆ ಆಕೆ ಕಿಲ್ಡೇರಿನಲ್ಲಿ ಕನ್ಯಾಮಠವನ್ನು ಸ್ಥಾಪಿಸಿದರೆಂಬುದು ಸಂಪ್ರದಾಯ. ಮಠಕ್ಕಾಗಿ ಭೂಮಿಯನ್ನು ಬೇಡಿದಾಗ, ನಿನ್ನ ಹೊದಿಕೆಯು ಮುಚ್ಚುವಷ್ಟು ನೆಲವನ್ನು ಮಾತ್ರ ಕೊಡುವೆನೆಂದು ಅರಸನು ನಕ್ಕನಂತೆ. ಆಕೆ ಹಾಸಿದ ಹೊದಿಕೆಯು ಹರಡುತ್ತ ಹರಡುತ್ತ ಕರ್ರಾ ಬಯಲನ್ನೆಲ್ಲ ಆವರಿಸಿತೆಂದು ಜನರ ಕಥೆ. ಮರಣಶಯ್ಯೆಯಲ್ಲಿದ್ದ ಅನ್ಯಧರ್ಮೀಯ ನಾಯಕನೊಬ್ಬನ ಬಳಿ ಕುಳಿತು, ನೆಲಕ್ಕೆ ಹಾಸಿದ್ದ ಜೊಂಡಿನಿಂದ ಶಿಲುಬೆಯನ್ನು ಹೆಣೆದು, ಅದರ ಅರ್ಥವನ್ನು ತಿಳಿಸಿ, ಅವನನ್ನು ಜ್ಞಾನಸ್ನಾನಕ್ಕೆ ಅಣಿಗೊಳಿಸಿದರೆಂಬುದು ಇನ್ನೊಂದು ಕಥೆ.

ಕಿಲ್ಡೇರಿನಲ್ಲಿ ನಂದದ ಅಗ್ನಿಯೊಂದಿತ್ತು. ಹತ್ತೊಂಬತ್ತು ಕನ್ಯಾಸ್ತ್ರೀಯರು ಸರದಿಯಂತೆ ಅದನ್ನು ಕಾಯುತ್ತಿದ್ದರೆಂದೂ, ಇಪ್ಪತ್ತನೆಯ ರಾತ್ರಿಯ ಕಾವಲು ಸಂತ ಬ್ರಿಜಿಡರದೇ ಎಂದು ನಂಬಿದ್ದರೆಂದೂ 12ನೆಯ ಶತಮಾನದಲ್ಲಿ ವೇಲ್ಸ್‌ನ ಜೆರಾಲ್ಡನು ಬರೆದಿದ್ದಾನೆ. 16ನೆಯ ಶತಮಾನದಲ್ಲಿ ಅರಸನ ಆಜ್ಞೆಯಿಂದ ಮಠಗಳು ಮುಚ್ಚಿದವು, ಅಗ್ನಿಯೂ ಆರಿತು.

ಆದರೆ ಹಳ್ಳಿಯ ಮನೆಗಳಲ್ಲಿ ಭಕ್ತಿ ಆರಲಿಲ್ಲ. ಸಂತರ ಹಬ್ಬ ಫೆಬ್ರವರಿ 1. ಅದರ ಹಿಂದಿನ ಸಂಜೆ ಜೊಂಡನ್ನು ಕೊಯ್ಯದೆ ಕೈಯಿಂದಲೇ ಕಿತ್ತು ತರುತ್ತಿದ್ದರು. ಕೆಲವು ಕಡೆ ಮನೆಯ ಹುಡುಗಿಯೊಬ್ಬಳು ಬ್ರಿಜಿಡರ ಹೆಸರಿನಲ್ಲಿ ಹೊರಗೆ ನಿಂತು ಬಾಗಿಲು ತಟ್ಟುವಳು. ಒಳಗಿನವರು ಮೊಣಕಾಲೂರಿ ಸ್ವಾಗತಿಸುವರು. ಊಟವಾದ ಮೇಲೆ ಹಿರಿಯರೂ ಕಿರಿಯರೂ ಕೂಡಿ ಶಿಲುಬೆಗಳನ್ನು ಹೆಣೆದು, ಬೆಂಕಿ ರೋಗಗಳಿಂದ ಕಾಪಾಡಲೆಂದು ಮನೆಯ ಬಾಗಿಲಿಗೂ ಕೊಟ್ಟಿಗೆಗೂ ಸಿಕ್ಕಿಸುವರು. ಸಂತರು ಹಾದುಹೋಗುವಾಗ ಹರಸಲೆಂದು ಬಟ್ಟೆಯ ತುಂಡೊಂದನ್ನು ಹೊರಗಿಡುವರು. ತಲೆನೋವಿಗೂ ಹಸುವಿನ ಹೆರಿಗೆಗೂ ಅದೇ ಔಷಧ. 1942ರಲ್ಲಿ ಐರಿಷ್ ಜಾನಪದ ಆಯೋಗವು ಪ್ರಶ್ನಾವಳಿಯನ್ನು ಕಳುಹಿಸಿದಾಗ, ಇಂಥ ಆಚರಣೆಗಳ ವಿವರಗಳು ಹಳ್ಳಿಹಳ್ಳಿಗಳಿಂದ ಹರಿದುಬಂದವು.

ಇವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರುಂಟು. ಬಟ್ಟೆಯ ತುಂಡಿಗೆ ತನ್ನದೇ ಶಕ್ತಿಯಿಲ್ಲವೆಂಬುದು ನಿಜ. ಆದರೆ ದೇವರ ಕೃಪೆಯು ತಮ್ಮ ಕೊಟ್ಟಿಗೆಯವರೆಗೂ ಬರುವುದೆಂದು ನಂಬಿದ ಆ ಬಡವರ ವಿಶ್ವಾಸವನ್ನು ನಾವು ಹಗುರವಾಗಿ ಕಾಣಬಾರದು.

1993ರಲ್ಲಿ ಬ್ರಿಜಿಡೈನ್ ಕನ್ಯಾಸ್ತ್ರೀಯರು ಕಿಲ್ಡೇರಿನ ಅಗ್ನಿಯನ್ನು ಮತ್ತೆ ಹೊತ್ತಿಸಿದರು. 2023ರಿಂದ ಆ ಸಂತರ ಹೆಸರಿನಲ್ಲಿ ನಾಡಿಗೆಲ್ಲ ರಜೆಯೂ ದೊರೆತಿದೆ. ಆರಿದ ಅಗ್ನಿಗೂ ಹೊತ್ತಿದ ಅಗ್ನಿಗೂ ನಡುವಿನ ನಾಲ್ಕು ಶತಮಾನಗಳನ್ನು ದಾಟಿಸಿದ್ದು ಅಜ್ಜಿಯು ಮೊಮ್ಮಗಳ ಕೈಹಿಡಿದು ಕಲಿಸಿದ ಆ ಜೊಂಡಿನ ಹೆಣಿಗೆ.

ಪ್ರಿಯರೇ, ನಮ್ಮ ದೇವಾಲಯಕ್ಕೆ ನೂರು ತುಂಬಿತು. ಮುಂದಿನ ನೂರು ನಮ್ಮ ಮಕ್ಕಳು ಮನೆಯಲ್ಲಿ ಏನನ್ನು ಕಲಿಯುವರೆಂಬುದನ್ನು ಅವಲಂಬಿಸಿದೆ. ಸಂತ ಬ್ರಿಜಿಡರು ನಮಗಾಗಿ ಪ್ರಾರ್ಥಿಸಲಿ ಎಂದು ಹೇಳಿ ನನ್ನ ಮಾತನ್ನು ಮುಗಿಸುತ್ತೇನೆ.