‘ಬಂಡವಾಳ’ಕ್ಕೆ ಹಿತ್ತಿಲ ಬಾಗಿಲು



ಕಾರ್ಲ್ ಮಾರ್ಕ್ಸ್‌ನ ‘ದಾಸ್ ಕ್ಯಾಪಿಟಲ್’, ಅಂದರೆ ‘ಬಂಡವಾಳ’, ಓದಲು ಹೊರಟವರಲ್ಲಿ ಬಹಳ ಮಂದಿ ಮೊದಲ ಅಧ್ಯಾಯದಲ್ಲೇ ನಿಂತುಬಿಡುತ್ತಾರೆ. ಸರಕು, ಬಳಕೆಯ ಮೌಲ್ಯ, ವಿನಿಮಯ ಮೌಲ್ಯ ಎಂದು ಶುರುವಾಗುವ ಮಾತು ಹತ್ತು ಪುಟ ಕಳೆಯುವುದರೊಳಗೆ ಕಗ್ಗಂಟಾಗುತ್ತದೆ. ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ರಾತ್ರಿ ಪುಸ್ತಕ ಹಿಡಿದ ಹೊಸ ಓದುಗನಿಗೆ ‘ಇದು ನಮ್ಮಂಥವರಿಗಲ್ಲ’ ಅನ್ನಿಸಿದರೆ ಆಶ್ಚರ್ಯವಿಲ್ಲ.

ತಪ್ಪು ಆ ಓದುಗನದಲ್ಲ. 1867ರಲ್ಲಿ ಜರ್ಮನ್ ಭಾಷೆಯಲ್ಲಿ ಮೊದಲ ಸಂಪುಟ ಹೊರಬಂದಾಗ, ಮೊದಲ ಅಧ್ಯಾಯವೇ ಅತಿ ಕಠಿಣವೆಂದು ಮಾರ್ಕ್ಸ್ ಮುನ್ನುಡಿಯಲ್ಲಿ ಎಚ್ಚರಿಸಿದ್ದ. ಅಲ್ಲಲ್ಲಿ ತತ್ವಜ್ಞಾನಿ ಹೆಗೆಲ್‌ನ ಮಾತಿನ ವರಸೆಯನ್ನು ಬೇಕೆಂದೇ ಬಳಸಿದ್ದಾಗಿ 1873ರಲ್ಲಿ ಒಪ್ಪಿಕೊಂಡ. ಹ್ಯಾನೋವರ್‌ನ ವೈದ್ಯಮಿತ್ರ ಕುಗೆಲ್‌ಮನ್‌ಗೆ 1867ರ ನವೆಂಬರ್‌ನಲ್ಲಿ ಬರೆದ ಪತ್ರದಲ್ಲಿ, ಆತನ ಪತ್ನಿ ಮೊದಲು ಓದಬಹುದಾದ ಭಾಗಗಳನ್ನೂ ಸೂಚಿಸಿದ: ದುಡಿಮೆಯ ದಿನ, ಶ್ರಮವಿಭಜನೆ ಮತ್ತು ಯಂತ್ರಗಳು, ಬಂಡವಾಳ ಮೊದಲು ಒಟ್ಟುಗೂಡಿದ ಕಥೆ. ಮುಂಬಾಗಿಲು ಬಿಗಿಯಾಗಿದ್ದರೆ ಹಿತ್ತಿಲ ಬಾಗಿಲಿನಿಂದ ಬನ್ನಿ ಎಂದು ಮನೆ ಕಟ್ಟಿದವನೇ ಹೇಳಿದಂತಾಯಿತು.

ದುಡಿಮೆಯ ದಿನದ ಅಧ್ಯಾಯ ಇಂಗ್ಲಿಷ್ ಆವೃತ್ತಿಯಲ್ಲಿ ಹತ್ತನೆಯದು. ಅಲ್ಲಿ ಇಂಗ್ಲೆಂಡಿನ ಕಾರ್ಖಾನೆ ಇನ್‌ಸ್ಪೆಕ್ಟರುಗಳ ವರದಿಗಳೇ ಮಾತನಾಡುತ್ತವೆ. ಊಟದ ಬಿಡುವಿನಲ್ಲಿ ಕೆಲವು ನಿಮಿಷ, ಸಂಜೆ ಕೆಲವು ನಿಮಿಷ ಕದಿಯುವ ಮಾಲೀಕರು, ಬೇಕರಿ ಕೆಲಸಗಾರರ ರಾತ್ರಿ ದುಡಿಮೆ, 1847ರ ಹತ್ತು ಗಂಟೆಯ ಕಾಯ್ದೆಯ ಜಗ್ಗಾಟ, ಎಲ್ಲವೂ ಇವೆ. ಪೀಣ್ಯದ ಕೆಲಸಗಾರನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಭಾರತದ 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. 2023ರಲ್ಲಿ ಕರ್ನಾಟಕ ತಂದ ತಿದ್ದುಪಡಿ, ವಾರದ ಮಿತಿ ಉಳಿಸಿಕೊಂಡೇ, ದಿನದ ದುಡಿಮೆಯನ್ನು 12 ಗಂಟೆಗೆ ಏರಿಸಲು ಅವಕಾಶ ಕೊಟ್ಟಿತು. ಪುಸ್ತಕದ ಜಗಳ ಇನ್ನೂ ಹಳೆಯದಾಗಿಲ್ಲ.

ಆದರೆ ಇಷ್ಟಕ್ಕೇ ಪುಸ್ತಕ ಮುಚ್ಚಿದರೆ ಸಿಟ್ಟು ಉಳಿಯುತ್ತದೆ, ಕಾರಣ ತಿಳಿಯುವುದಿಲ್ಲ. ಸಣ್ಣ ವರ್ಕ್‌ಶಾಪ್‌ನಲ್ಲಿ ಮಾಲೀಕನೂ ಲೇತ್ ಮುಂದೆ ನಿಲ್ಲುವುದುಂಟು. ದೊಡ್ಡ ಕಂಪನಿ ಜಾಬ್ ವರ್ಕ್ ರೇಟ್ ಇಳಿಸಿದರೆ ಅವನೂ ಕೆಲಸಗಾರನಿಂದ ಓವರ್‌ಟೈಮ್ ಕೇಳುತ್ತಾನೆ. ಅವನು ಒಳ್ಳೆಯವನೇ ಕೆಟ್ಟವನೇ ಎಂಬುದು ಮಾರ್ಕ್ಸ್‌ಗೆ ಮುಖ್ಯವಲ್ಲ. ಅವನನ್ನು ಹಾಗೆ ನಡೆಸುವ ಕಟ್ಟು ಯಾವುದು ಎಂಬುದು ಮುಖ್ಯ.

ಆ ಉತ್ತರಕ್ಕೆ ಮೊದಲ ಅಧ್ಯಾಯಕ್ಕೇ ಮರಳಬೇಕು. ಒಂದು ಬುಷ್ ಮಾಡಲು ಹಳೆಯ ಲೇತ್‌ನಲ್ಲಿ 20 ನಿಮಿಷ ಬೇಕು, ಸಿಎನ್‌ಸಿ ಯಂತ್ರದಲ್ಲಿ 4 ನಿಮಿಷ ಸಾಕು ಎಂದುಕೊಳ್ಳೋಣ. ಎಲ್ಲೆಡೆ ಸಿಎನ್‌ಸಿ ಬಂದ ಮೇಲೆ ಆ 20 ನಿಮಿಷದ ಬೆವರಿಗೆ ಮಾರುಕಟ್ಟೆ ಬೆಲೆ ಕಟ್ಟುವುದಿಲ್ಲ. ಸಾಮಾಜಿಕವಾಗಿ ಅಗತ್ಯವಾದ ಶ್ರಮದ ವೇಳೆ ಎಂಬ ಗಟ್ಟಿ ಮಾತಿನ ಒಳಗಿರುವುದು ಇದೇ.

1872ರಿಂದ ಫ್ರೆಂಚ್ ಅನುವಾದ ಕಂತು ಕಂತಾಗಿ ಹೊರಬಂತು. ಕಾರ್ಮಿಕರಿಗೆ ಹೀಗೆ ಅನುಕೂಲವೆಂದು ಮಾರ್ಕ್ಸ್ ಒಪ್ಪಿದ್ದ. ಇಲ್ಲಿಯೂ ವಾರಕ್ಕೆ ನಾಲ್ಕು ಪುಟ, ಇಬ್ಬರು ಮೂವರು ಕೂಡಿ ಓದಿದರೆ ಸಾಕು. ತಿಳಿಯದ ಸಾಲಿಗೆ ಪೆನ್ಸಿಲ್ ಗುರುತು ಹಾಕಿ ಮುಂದೆ ಹೋಗಬೇಕು. ಮಾರನೆಯ ದಿನ ಮಷೀನಿನ ಮುಂದೆ ನಿಂತಾಗ ಅದು ಹೊಳೆದರೂ ಹೊಳೆದೀತು.